ಸುಮ್ನೆ ಓದಲಿ ಬಿಡಿ: ಶಾಲೆಯಲ್ಲಿ ದಿನಕ್ಕೆ 10 ನಿಮಿಷ ಮೌನ ಓದು

ಮಕ್ಕಳು ಶಾಲೆಯಲ್ಲಿ ದಿನವಿಡೀ ಓದುತ್ತಲೇ ಇರುತ್ತಾರಲ್ಲ, ಅದಕ್ಕೆ ಮತ್ತೆ ಬೇರೆ ಸಮಯ ಯಾಕೆ? ಹೀಗೆ ಕೇಳುವವರು ಒಂದು ದಿನ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತು ನೋಡಬೇಕು. ಪಾಠದ ಒಂದು ಪ್ಯಾರಾ, ಬೋರ್ಡಿನ ಮೇಲಿನ ನಾಲ್ಕು ಸಾಲು, ಒಂದಿಷ್ಟು ಪ್ರಶ್ನೆಗಳು. ಒಬ್ಬ ಗಟ್ಟಿಯಾಗಿ ಓದುವಾಗ ಉಳಿದವರು ತಮ್ಮ ಸರದಿಗೆ ಯಾವ ಸಾಲು ಬರುತ್ತದೆ ಎಂದು ಎಣಿಸುತ್ತಿರುತ್ತಾರೆ. ತಾನೇ ಆರಿಸಿದ ಪುಸ್ತಕವನ್ನು ತನ್ನ ಪಾಡಿಗೆ ತಾನು ಓದುವ ಅವಕಾಶ ಅಲ್ಲಿ ಎಲ್ಲೂ ಕಾಣುವುದಿಲ್ಲ.

ದಿನವೂ ಸ್ವಲ್ಪ ಹೊತ್ತು ಇಷ್ಟದ ಪುಸ್ತಕವನ್ನು ಮೌನವಾಗಿ ಓದಲು ಬಿಡುವುದು ಹೊಸ ವಿಚಾರವೇನಲ್ಲ. ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದ ಲೈಮನ್ ಹಂಟ್ 1960ರ ದಶಕದಲ್ಲೇ ಇದನ್ನು ಹೇಳಿದ್ದರು. ಜಪಾನಿನಲ್ಲಿ 1988ರಲ್ಲಿ ಹಯಾಶಿ ಹಿರೋಶಿ ಎಂಬ ಶಿಕ್ಷಕರು ತಮ್ಮ ಪ್ರೌಢಶಾಲೆಯಲ್ಲಿ ಬೆಳಗಿನ 10 ನಿಮಿಷದ ಓದು ಶುರು ಮಾಡಿದರು. ಅದು ಅಲ್ಲಿನ ಸಾವಿರಾರು ಶಾಲೆಗಳಿಗೆ ಹಬ್ಬಿತು. ಅವರ ನಿಯಮ ನಾಲ್ಕೇ: ಎಲ್ಲರೂ ಓದಬೇಕು, ದಿನವೂ ಓದಬೇಕು, ಇಷ್ಟವಾದ ಪುಸ್ತಕ ಓದಬಹುದು, ಓದಿದರೆ ಸಾಕು. ಕೇಳಲು ಸುಲಭ. ನಡೆಸಲು ಹೋದಾಗ ಗೊತ್ತಾಗುತ್ತದೆ, ಮೊದಲ ಎರಡೇ ಕಷ್ಟದವು ಎಂದು.

ಮೊದಲು ಸಮಯ

ಬೆಳಗಿನ ಮೊದಲ ಬೆಲ್ ಆದ ಕೂಡಲೇ, ಇಲ್ಲವೇ ಊಟದ ಬಿಡುವು ಮುಗಿದ ಮೇಲೆ. ಕೊನೆಯ ಪೀರಿಯಡ್ ಮಾತ್ರ ಬೇಡ, ಆಗ ಕಣ್ಣೆಲ್ಲ ಗಡಿಯಾರದ ಮೇಲಿರುತ್ತದೆ. ಚಿಕ್ಕ ಮಕ್ಕಳಿಗೆ 5 ನಿಮಿಷದಿಂದ ಶುರು ಮಾಡಿ, ದೊಡ್ಡವರಿಗೆ 10. ಚಡಪಡಿಕೆ ಕಡಿಮೆಯಾದಂತೆ ಒಂದೊಂದೇ ನಿಮಿಷ ಸೇರಿಸಿ. ಟೈಂಟೇಬಲ್‌ನಲ್ಲಿ ಬರೆದು ಹಾಕಿ. ಇಲ್ಲದಿದ್ದರೆ "ಪಾಠ ಬಾಕಿ ಇದೆ, ಇವತ್ತೊಂದಿನ ಬೇಡ" ಅನ್ನುವ ದಿನ ಬಂದೇ ಬರುತ್ತದೆ. ಆಮೇಲೆ ಎಲ್ಲ ದಿನವೂ ಅದೇ ಆಗುತ್ತದೆ.

ಪುಸ್ತಕ

ಒಂದು ಮಗುವಿಗೆ ಮೂರು ಪುಸ್ತಕವಾದರೂ ಬೇಕು. ಅಂದರೆ 30 ಮಕ್ಕಳಿಗೆ 90. ಅಷ್ಟಿಲ್ಲವೇ? ಪಕ್ಕದ ಕ್ಲಾಸಿನ ಜೊತೆ ತಿಂಗಳಿಗೊಮ್ಮೆ ಪುಸ್ತಕದ ಪೆಟ್ಟಿಗೆ ಬದಲಾಯಿಸಿಕೊಳ್ಳಿ. ಕಾಮಿಕ್ಸ್, ಮಕ್ಕಳ ಪತ್ರಿಕೆ, ಕ್ರಿಕೆಟ್ ಪುಸ್ತಕ, ಒಗಟಿನ ಪುಸ್ತಕ, ಎಲ್ಲವೂ ಆಗುತ್ತದೆ. ಪಠ್ಯಪುಸ್ತಕ ಬೇಡ. ಅದನ್ನು ಒಳಗೆ ಬಿಟ್ಟರೆ ಪರೀಕ್ಷೆ ಹತ್ತಿರ ಬಂದಾಗ ಬೇರೆ ಯಾವ ಪುಸ್ತಕವೂ ಹೊರಗೆ ಬರುವುದಿಲ್ಲ.

ಮಗುವಿಗೆ ಪುಸ್ತಕ ಕಷ್ಟವೋ ಅಲ್ಲವೋ ಎಂದು ತಿಳಿಯಲು ಬೆರಳು ಮಡಚುವ ಹಳೆಯ ಉಪಾಯವೊಂದಿದೆ. ಒಂದು ಪುಟ ಓದುವಾಗ ಗೊತ್ತಿಲ್ಲದ ಪದ ಬಂದಾಗಲೆಲ್ಲ ಒಂದು ಬೆರಳು ಮಡಚಬೇಕು. ಪುಟ ಮುಗಿಯುವ ಮೊದಲೇ ಐದೂ ಮಡಚಿದರೆ ಆ ಪುಸ್ತಕ ಸದ್ಯಕ್ಕೆ ಬೇಡ. ಇದೇನು ಅಳೆದು ತೂಗಿದ ಲೆಕ್ಕವಲ್ಲ, ಆದರೆ ಮಗು ತಾನೇ ಮಾಡಿಕೊಳ್ಳಬಹುದು.

ಬೆಲ್ ಹೊಡೆಯುವ ಮೊದಲೇ ಎರಡು ಪುಸ್ತಕ ಬೆಂಚಿನ ಮೇಲಿರಲಿ. ಒಂದು ಬೇಸರವಾದರೆ ಇನ್ನೊಂದು. ನಡುವೆ ಪೆಟ್ಟಿಗೆಯ ಹತ್ತಿರ ಓಡಾಟ ಇಲ್ಲ.

ನೀವೇನು ಮಾಡುತ್ತೀರಿ?

ಇಲ್ಲೇ ಹೆಚ್ಚಿನವರು ಎಡವುವುದು. ನಾನೂ ಎಡವಿದ್ದೇನೆ. ಮಕ್ಕಳಿಗೆ ಓದಲು ಹೇಳಿ ನಾನು ನೋಟ್‌ಬುಕ್ ತಿದ್ದುತ್ತಾ ಕೂತೆ. ಹೇಗೂ ಕ್ಲಾಸು ಸದ್ದಿಲ್ಲದೆ ಇದೆಯಲ್ಲ ಅಂತ. ಮೂರನೆಯ ದಿನ ಹುಡುಗಿಯೊಬ್ಬಳು ಹೋಮ್‌ವರ್ಕ್ ತೆಗೆದಳು. ಯಾಕಮ್ಮಾ ಅಂದೆ. "ನೀವೂ ಕೆಲಸ ಮುಗಿಸ್ತಾ ಇದೀರಲ್ಲ ಟೀಚರ್?" ಅಂದಳು. ಉತ್ತರ ಇರಲಿಲ್ಲ. ಮರುದಿನ ಮನೆಯಿಂದ ಒಂದು ಕಾದಂಬರಿ ತಂದೆ.

ಮಕ್ಕಳ ಮುಂದೆ ನಿಜವಾಗಿ ಓದಿ. ನಗು ಬಂದರೆ ನಕ್ಕುಬಿಡಿ. ಹಾಜರಿ, ಅಂಕಪಟ್ಟಿ, ಫೋನು ಯಾವುದೂ ಬೇಡ. ಮೊದಲ ಒಂದೆರಡು ವಾರ ಆಗಾಗ ತಲೆ ಎತ್ತಿ ನೋಡಬೇಕಾಗುತ್ತದೆ, ಅದು ಸಹಜ. ಹೆಡ್‌ಮಾಸ್ಟರಿಗೂ ಮೊದಲೇ ಹೇಳಿಟ್ಟಿರಿ, ಆ 10 ನಿಮಿಷ ಸುತ್ತೋಲೆ ಹಿಡಿದು ಯಾರೂ ಬಾಗಿಲಿಗೆ ಬರಬಾರದು.

ಓದುವಂತೆ ನಟಿಸುವವರು

ಇರುತ್ತಾರೆ. ಒಬ್ಬ ಅರ್ಧ ಗಂಟೆಯ ಪುಸ್ತಕವನ್ನು ಎರಡು ನಿಮಿಷದಲ್ಲಿ ತಿರುವಿ ಹಾಕುತ್ತಾನೆ. ಇನ್ನೊಬ್ಬ ಒಂದೇ ಪುಟ ನೋಡುತ್ತಾ ಕೂತಿರುತ್ತಾನೆ. ಅಲ್ಲೇ ಗದರಿಸಿದರೆ ಉಳಿದವರ ಓದೂ ಹೋಯಿತು. ಆಮೇಲೆ ಕರೆದು ಅದೇ ಪುಸ್ತಕದ ನಾಲ್ಕು ಸಾಲು ಮೆಲ್ಲಗೆ ಓದಿಸಿ. ಎಷ್ಟೋ ಸಲ ಅದು ಸೋಮಾರಿತನ ಆಗಿರುವುದಿಲ್ಲ, ಪುಸ್ತಕ ಕೈಗೆ ಮೀರಿದ್ದಾಗಿರುತ್ತದೆ. ಗೆಳೆಯನ ಕೈಯಲ್ಲಿ ದಪ್ಪ ಪುಸ್ತಕ ಇದೆ ಎಂದು ತಾನೂ ದಪ್ಪದ್ದೇ ಹಿಡಿದಿರುತ್ತಾನೆ.

ಅಕ್ಷರ ಕೂಡಿಸಿ ಓದುವ ಮಗುವಿಗೆ ಚಿತ್ರ ಜಾಸ್ತಿ ಇರುವ ಪುಸ್ತಕ, ಇಲ್ಲವೇ ನೀವು ಮೊದಲೇ ಓದಿ ಹೇಳಿದ ಕಥೆ ಕೊಡಿ. ಕಥೆ ಗೊತ್ತಿದ್ದರೆ ಪದ ಊಹಿಸುವುದು ಸುಲಭ. ಚಿಕ್ಕವರು ತುಟಿ ಅಲುಗಿಸುತ್ತಾರೆ, ಪಿಸುಗುಡುತ್ತಾರೆ. ತಡೆಯಬೇಡಿ, ಮೌನ ಓದು ಮೆಲ್ಲಮೆಲ್ಲಗೆ ಬರುವಂಥದ್ದು.

ಪ್ರಶ್ನೆ ಕೇಳಬೇಕೇ?

ಸಾರಾಂಶ ಬರೆಸಬೇಡಿ, ಅಂಕ ಕೊಡಬೇಡಿ. ಎಷ್ಟು ಪುಟ ಆಯಿತು ಎಂದು ಗೋಡೆಯ ಮೇಲೆ ಪಟ್ಟಿ ಹಾಕಿದರೆ ತೆಳ್ಳಗಿನ ಪುಸ್ತಕಗಳಷ್ಟೇ ಖಾಲಿಯಾಗುತ್ತವೆ.

ಹಾಗಂತ ಪೂರ್ತಿ ಬಿಟ್ಟುಬಿಡುವುದೂ ಸರಿಯಲ್ಲ. 2000ನೇ ಇಸವಿಯಲ್ಲಿ ಅಮೆರಿಕದ ರಾಷ್ಟ್ರೀಯ ಓದು ಸಮಿತಿ ಅಲ್ಲಿಯವರೆಗಿನ ಅಧ್ಯಯನಗಳನ್ನು ಪರಿಶೀಲಿಸಿತ್ತು. ಮಕ್ಕಳನ್ನು ತಮ್ಮಷ್ಟಕ್ಕೆ ಓದಲು ಬಿಟ್ಟು ಯಾರೂ ಮಾತಾಡಿಸದಿದ್ದರೆ ಸರಾಗ ಓದು ಹೆಚ್ಚುತ್ತದೆ ಎನ್ನಲು ಸಾಕಷ್ಟು ಪುರಾವೆ ಇಲ್ಲ ಎಂದಿತು. ಇದನ್ನು ಹಿಡಿದುಕೊಂಡು ಕೆಲವರು ಓದಿನ ಸಮಯವೇ ದಂಡ ಅಂದರು. ಸಮಿತಿ ಹಾಗೆ ಹೇಳಿರಲಿಲ್ಲ. ನಾನು ಅದರಿಂದ ತೆಗೆದುಕೊಂಡಿದ್ದು ಇಷ್ಟು: ಓದು ಕಲಿಸುವ ಕೆಲಸ ಬೇರೆ ಪೀರಿಯಡ್‌ನಲ್ಲಿ ನಡೆಯುತ್ತಲೇ ಇರಬೇಕು. ದಿನಕ್ಕೆ ಮೂರ್ನಾಲ್ಕು ಮಕ್ಕಳನ್ನು ಓದಿನ ಸಮಯದ ಹೊರಗೆ ಒಂದೊಂದು ನಿಮಿಷ ಮಾತಾಡಿಸಬೇಕು. "ಎಲ್ಲಿಗೆ ಬಂತು ಕಥೆ? ಆ ನಾಯಿ ಸಿಕ್ಕಿತಾ?" ಅಷ್ಟು ಸಾಕು. ಹತ್ತು ದಿನದಲ್ಲಿ ಇಡೀ ಕ್ಲಾಸಿನ ಸರದಿ ಮುಗಿಯುತ್ತದೆ.

ಸಮಯ ಮುಗಿದಾಗ ಪುಸ್ತಕ ತಟ್ಟನೆ ಮುಚ್ಚಿಸಬೇಡಿ. ಕೈಯಲ್ಲಿರುವ ಪ್ಯಾರಾ ಮುಗಿಸಲು, ಗುರುತಿಗೆ ಕಾಗದದ ಚೂರು ಇಡಲು ಅರ್ಧ ನಿಮಿಷ ಕೊಡಿ.

ಇನ್ನೊಂದು ವಿಷಯ. ನೀವು ರಜೆ ಹಾಕುವ ದಿನವೂ ಬರುತ್ತದೆ. ಮೇಜಿನ ಡ್ರಾಯರಿನಲ್ಲಿ ಎರಡು ತೆಳ್ಳಗಿನ ಕಥೆಪುಸ್ತಕ ಇಟ್ಟಿರಿ. ನಿಮ್ಮ ಬದಲಿಗೆ ಬರುವವರಿಗೂ ಓದಲು ಏನಾದರೂ ಬೇಕಲ್ಲ.