ಮನೆ ಡಯಾಲಿಸಿಸ್‌ನ ಬಳಸಿದ ಚೀಲಗಳ ವಿಲೇವಾರಿ: ಉಡುಪಿಯಲ್ಲಿ ನನ್ನ ಅನುಭವ

ಮನೆಯಲ್ಲಿ ಬಳಸಿದ ಸಿಎಪಿಡಿ (ಯಂತ್ರವಿಲ್ಲದೆ ಹೊಟ್ಟೆಯೊಳಗೆ ದ್ರವ ತುಂಬಿಸಿ ಹೊರತೆಗೆಯುವ ಡಯಾಲಿಸಿಸ್) ಚೀಲಗಳನ್ನು ಯಾವ ಆಸ್ಪತ್ರೆಯೂ ತೆಗೆದುಕೊಳ್ಳುವುದಿಲ್ಲವೆಂದು ನನಗೆ ಪರಿಚಯವಿರುವ ರೋಗಿಗಳ ಮನೆಯವರೆಲ್ಲರೂ ಹೇಳುತ್ತಿದ್ದರು. ಈಗ ನಮ್ಮ ತಂದೆಯವರ ಚೀಲಗಳು ವಾರಕ್ಕೊಮ್ಮೆ ಸಮೀಪದ ನರ್ಸಿಂಗ್ ಹೋಮ್ ಒಂದರ ಕೆಂಪು ಬುಟ್ಟಿಯನ್ನು ಸೇರುತ್ತಿವೆ.

ಎರಡು ಲೀಟರಿನ ನಾಲ್ಕು ಎಕ್ಸ್‌ಚೇಂಜ್ (ಹೊಟ್ಟೆಯಲ್ಲಿನ ಹಳೆಯ ದ್ರವ ತೆಗೆದು ಹೊಸದು ತುಂಬಿಸುವುದು) ಎಂದರೆ ದೇಹದಿಂದ ಹೆಚ್ಚುವರಿಯಾಗಿ ಬಂದ ನೀರೂ ಸೇರಿ ದಿನಕ್ಕೆ ಒಂಬತ್ತು ಲೀಟರಿನಷ್ಟು ದ್ರವವಾಗುತ್ತದೆ. ಹೊರಗೆ ಚೆಲ್ಲಿದರೆ ಅದರಲ್ಲಿರುವ ಸಕ್ಕರೆಗೆ ಇರುವೆ ಮುತ್ತುತ್ತದೆ. ನಮ್ಮ ಮುರಕಲ್ಲಿನ ನೆಲದಲ್ಲಿ ಇಂಗಿದ್ದು ಬಾವಿಗೆ ಇಳಿಯಲು ಹೆಚ್ಚು ಸಮಯ ಬೇಕಿಲ್ಲವಾದ್ದರಿಂದ ತೆಂಗಿನ ಬುಡಕ್ಕೆ ಸುರಿಯುವ ಸಲಹೆಯನ್ನು ನಾನು ಒಪ್ಪಲಿಲ್ಲ. ದ್ರವವು ತಿಳಿಯಾಗಿದೆಯೇ ಎಂದು ನೋಡಿದ ಮೇಲೆಯೇ ಶೌಚಾಲಯಕ್ಕೆ ಸುರಿಯುತ್ತೇನೆ. ಮಬ್ಬಾಗಿದ್ದರೆ ಹೊಟ್ಟೆಯೊಳಗೆ ಸೋಂಕಾಗಿರಬಹುದಾದ್ದರಿಂದ ಆ ಚೀಲವನ್ನು ಹಾಗೆಯೇ ಮುಚ್ಚಿ, ತಂದೆಯವರೊಂದಿಗೆ ಅಂದೇ ಆಸ್ಪತ್ರೆಗೆ ಒಯ್ಯಬೇಕು.

ಚೀಲಗಳದೇ ದೊಡ್ಡ ಕಷ್ಟವಾಗಿತ್ತು. ನಳಿಕೆಗಳನ್ನು ಕಂಡ ಒಣಕಸದವರು ಮುಟ್ಟಲಿಲ್ಲ, ಅವರು ಬರಿಗೈಯಲ್ಲಿ ಬೇರ್ಪಡಿಸುವವರಾದ್ದರಿಂದ ಅದು ಸರಿಯೂ ಹೌದು. ಗುಜರಿಯವರು ಪುಕ್ಕಟೆಯಾಗಿಯೂ ಬೇಡವೆಂದರು. ಬಚ್ಚಲೊಲೆಗೆ ಹಾಕಿರೆಂದವರಿಗೆ, ಚೀಲದ ಪಿವಿಸಿ ಪ್ಲಾಸ್ಟಿಕ್ ಉರಿದರೆ ಹೈಡ್ರೋಜನ್ ಕ್ಲೋರೈಡ್ ಮತ್ತು ಡಯಾಕ್ಸಿನ್ ಎಂಬ ವಿಷಗಳು ಹೊರಬರುತ್ತವೆಂದು ತಿಳಿಸಿ ಸುಮ್ಮನಾದೆ. ಬ್ಲೀಚಿಂಗ್ ಪುಡಿಯಲ್ಲಿ ನೆನೆಸಿಟ್ಟದ್ದೂ ಉಂಟು. ತಿಂಗಳಿಗೆ ಮುನ್ನೂರು ನಾನೂರು ರೂಪಾಯಿ ಹೋಯಿತು, ಆ ನೀರನ್ನು ಶೌಚಗುಂಡಿಗೆ ಬಿಟ್ಟರೆ ಅಲ್ಲಿನ ಉಪಯುಕ್ತ ಬ್ಯಾಕ್ಟೀರಿಯಾಗಳು ಸಾಯುತ್ತವೆಂಬ ಕಾರಣಕ್ಕೆ ಕೈಬಿಟ್ಟೆ.

ಈಗಿನ ಕ್ರಮ ಸರಳವಾಗಿದೆ. ಕೈಗವಸು ಹಾಕಿಕೊಂಡು, ಇದಕ್ಕೆಂದೇ ಇಟ್ಟ ಕತ್ತರಿಯಿಂದ ಚೀಲದ ಮೂಲೆಯನ್ನು ಕತ್ತರಿಸಿ, ಹಿಂಬದಿಯ ಜಗಲಿಯಲ್ಲಿ ಬಕೆಟ್ಟಿನ ಮೇಲೆ ತಲೆಕೆಳಗಾಗಿ ರಾತ್ರಿಯಿಡೀ ನೇತುಹಾಕುತ್ತೇನೆ. ಆಷಾಢದ ಮಳೆಯಲ್ಲಿ ಅದು ಒಣಗುವುದಿಲ್ಲ. ಒಣಗಬೇಕಾಗಿಯೂ ಇಲ್ಲ, ತೊಟ್ಟಿಕ್ಕದಿದ್ದರೆ ಸಾಕು. ಬಳಿಕ ಮಡಿಸಿ ಕೆಂಪು ಚೀಲದಲ್ಲಿ ಕಟ್ಟುತ್ತೇನೆ. ನನ್ನ ಮಡಿಕೆಯಿಂದ ವಾರಕ್ಕೆ ಮೂರು ಗೋಣಿಯಾಗುತ್ತಿದ್ದದ್ದು ಒಂದಕ್ಕೆ ಇಳಿಯಿತು, ನರ್ಸಿಂಗ್ ಹೋಮಿನ ಸಿಬ್ಬಂದಿಯೂ ಅದನ್ನು ಮೆಚ್ಚಿದರು. ಅದನ್ನು ಬರವಣಿಗೆಯಲ್ಲಿ ತಿಳಿಸಲಾಗದು, ಮನೆಗೆ ಬಂದವರಿಗೆ ತೋರಿಸುತ್ತೇನೆ.

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಆಸ್ಪತ್ರೆಗಳಲ್ಲಿ ನಳಿಕೆ, ಚೀಲಗಳು ಕೆಂಪಿಗೂ ಸೂಜಿಗಳು ಚುಚ್ಚಿಹೋಗದ ಬಿಳಿ ಡಬ್ಬಿಗೂ ಸೇರಬೇಕು. ಆದ್ದರಿಂದ ತ್ಯಾಜ್ಯ ಸಂಸ್ಕರಣಾ ಘಟಕದ ವಾಹನ ಬರುವ ದಿನವನ್ನು ತಿಳಿದುಕೊಂಡು, ಅವರ ವಿಂಗಡಣೆಯಂತೆಯೇ ಕಟ್ಟಿಕೊಂಡು ಹೋದೆ. ವ್ಯವಸ್ಥಾಪಕರನ್ನು ಒಪ್ಪಿಸಿದ ಮಾತು ನನ್ನಲ್ಲೇ ಇರಲಿ. ತಿಂಗಳಿಗೆ ಸುಮಾರು ಐನೂರು ರೂಪಾಯಿ ಕೊಡುತ್ತೇನೆ, ಕೆಂಪು ಚೀಲಗಳ ಖರ್ಚು ಬೇರೆ.

ಚೀಲಗಳ ಹೊರಕವರಿಗೆ ದೇಹದ ದ್ರವ ಸೋಕದಿರುವುದರಿಂದ ಅವುಗಳಲ್ಲಿ ಮಲ್ಲಿಗೆ ಕಡ್ಡಿ ನೆಟ್ಟು ನೋಡಿದೆ. ಬುಡದಲ್ಲಿ ತೂತು ಮಾಡಿದವುಗಳಲ್ಲಿ ಮಾತ್ರ ಬೇರು ಬಂದಿತು. ರಕ್ತಹೀನತೆಗೆ ತಂದೆಯವರಿಗೆ ಕೊಡುವ ಎರಿತ್ರೋಪೊಯಿಟಿನ್ ಚುಚ್ಚುಮದ್ದಿನ ಸೂಜಿಗಳನ್ನು ಮುಚ್ಚಳ ಮರಳಿ ತೊಡಿಸದೆ ದಪ್ಪ ಪ್ಲಾಸ್ಟಿಕ್ ಡಬ್ಬಿಗೆ ಹಾಕುತ್ತೇನೆ. ಮುಕ್ಕಾಲು ತುಂಬಿದಾಗ ಅದನ್ನೂ ಅಲ್ಲಿಗೇ ಕೊಡುತ್ತೇನೆ.