ಸಿ ಪ್ರೋಗ್ರಾಂ: ಸ್ಟ್ರಿಂಗ್‌ನಲ್ಲಿ ಒಂದು ಅಕ್ಷರ ಹುಡುಕುವುದು ಹೇಗೆ?

ಸಿ ಭಾಷೆಯಲ್ಲಿ ಸ್ಟ್ರಿಂಗ್ ಅಂದರೆ ಸಾಲಾಗಿ ಕೂತ ಕ್ಯಾರೆಕ್ಟರ್‌ಗಳು, ಅಷ್ಟೇ. ಸಾಲು ಎಲ್ಲಿ ಮುಗಿಯಿತು ಎಂದು ತಿಳಿಸಲು ಕೊನೆಯಲ್ಲಿ '\0' ಎಂಬ ನಲ್ ಕ್ಯಾರೆಕ್ಟರ್ ಇರುತ್ತದೆ. ಹುಡುಕಾಟ ನಿಂತಿರುವುದೇ ಇದರ ಮೇಲೆ.

ಮೊದಲ ರಾಜ್ಯೋತ್ಸವದ ದಿನಾಂಕವನ್ನೇ ತೆಗೆದುಕೊಳ್ಳೋಣ: "01-11-1956". ಕೋಡಿನಲ್ಲಿ ಇದರ ಹೆಸರು ದಿನ. ಕಣ್ಣಿಗೆ ಕಾಣುವುದು 10 ಕ್ಯಾರೆಕ್ಟರ್. ಮೆಮೊರಿಯಲ್ಲಿ ಹಿಡಿಯುವುದು 11 ಬೈಟ್, ಕೊನೆಯದು ನಲ್. ಎಣಿಕೆ ಸೊನ್ನೆಯಿಂದ ಶುರು. ಹಾಗಾಗಿ ಮೊದಲ '-' ಸಿಗುವುದು ಇಂಡೆಕ್ಸ್ 2ರಲ್ಲಿ.

ಲೈಬ್ರರಿ ಆಮೇಲೆ ಇರಲಿ, ಮೊದಲು ಲೂಪ್ ಬರೆಯಿರಿ. ಇಲ್ಲಿ ಕೋಡನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ಫಾರ್ (ಐ = 0; ದಿನ[ಐ] != '\0'; ಐ++)
    ಇಫ್ (ದಿನ[ಐ] == '-')
        ರಿಟರ್ನ್ ಐ;
ರಿಟರ್ನ್ -1;

ಸಿಗದಿದ್ದಾಗ -1 ಯಾಕೆ? 0 ಕೊಟ್ಟರೆ 'ಮೊದಲ ಜಾಗದಲ್ಲೇ ಸಿಕ್ಕಿತು' ಎಂದಾಗುತ್ತದೆ. ಇಫ್ ಒಳಗೆ ಎರಡು ಸಮ ಚಿಹ್ನೆ ಇರಲೇಬೇಕು. ಒಂದೇ ಹಾಕಿದರೆ ಕಂಪೈಲರ್ ಹೆಚ್ಚೆಂದರೆ ಒಂದು ವಾರ್ನಿಂಗ್ ಕೊಟ್ಟೀತು. ಪ್ರೋಗ್ರಾಂ ಮಾತ್ರ ಮೊದಲ ಸೊನ್ನೆಯನ್ನು ಅಳಿಸಿ "-1-11-1956" ಮಾಡಿ, ಉತ್ತರ 0 ಎನ್ನುತ್ತದೆ. ಹುಡುಕಲು ಹೋಗಿ ದಿನಾಂಕವನ್ನೇ ಕೆಡಿಸಿದ ಹಾಗಾಯಿತು, ಅಲ್ವಾ? ಇನ್ನು ಕೊಟೇಶನ್: '-' ಒಂದು ಕ್ಯಾರೆಕ್ಟರ್, "-" ಒಂದು ಸ್ಟ್ರಿಂಗ್. ಇಲ್ಲಿ ಬೇಕಿರುವುದು ಮೊದಲನೆಯದು.

ಇದು ಕೈಗೆ ಬಂದ ಮೇಲೆ ಲೈಬ್ರರಿಗೆ ಬನ್ನಿ. ಸ್ಟ್ರಿಂಗ್ ಡಾಟ್ ಎಚ್ ಹೆಡರ್‌ನಲ್ಲಿ ಇದೇ ಕೆಲಸಕ್ಕೊಂದು ಫಂಕ್ಷನ್ ಇದೆ. ಅದರ ಸ್ಪೆಲಿಂಗ್ ಎಸ್, ಟಿ, ಆರ್, ಸಿ, ಎಚ್, ಆರ್. ಸುಮ್ನೆ ಸ್ಟ್ರ್‌ಚರ್ ಎನ್ನೋಣ. ಸ್ಟ್ರಿಂಗ್ ಮತ್ತು ಕ್ಯಾರೆಕ್ಟರ್ ಕೊಟ್ಟರೆ ಸಾಕು. ಆದರೆ ಇದು ವಾಪಸ್ ಕೊಡುವುದು ಇಂಡೆಕ್ಸ್ ಅಲ್ಲ, ಪಾಯಿಂಟರ್, ಅಂದರೆ ಮೆಮೊರಿಯಲ್ಲಿನ ವಿಳಾಸ. ಸಿಗದಿದ್ದರೆ ನಲ್ ಪಾಯಿಂಟರ್, ಅಂದರೆ ಯಾವ ಜಾಗವನ್ನೂ ತೋರಿಸದ ವಿಳಾಸ (ಇದು ನಲ್ ಕ್ಯಾರೆಕ್ಟರ್ ಅಲ್ಲ).

ಪಿ = ಸ್ಟ್ರ್‌ಚರ್(ದಿನ, '-');
ಇಫ್ (ಪಿ != ನಲ್) ಜಾಗ = ಪಿ - ದಿನ;

ಸಿಕ್ಕ ವಿಳಾಸದಿಂದ ಶುರುವಿನ ವಿಳಾಸ ಕಳೆದರೆ ಇಂಡೆಕ್ಸ್ ಬಂತು, ಇಲ್ಲಿ 2. ನಲ್ ಹೌದೋ ಅಲ್ಲವೋ ನೋಡದೆ ಪಿ ಬಳಸಿದರೆ ಪ್ರೋಗ್ರಾಂ ಕ್ರ್ಯಾಶ್ ಆಗುವುದೇ ಹೆಚ್ಚು.

ಹುಡುಕುತ್ತಿರುವುದು ಅಂಕಿಯಾದರೆ ಇನ್ನೊಂದು ಎಡವಟ್ಟು ಕಾದಿರುತ್ತದೆ. '0' ಅಂದರೆ ಆಸ್ಕಿಯಲ್ಲಿ, ಅಂದರೆ ಕ್ಯಾರೆಕ್ಟರ್‌ಗಳಿಗೆ ಸಂಖ್ಯೆ ಕೊಡುವ ಪಟ್ಟಿಯಲ್ಲಿ, 48. ಕೊಟೇಶನ್ ಇಲ್ಲದ 0 ಅಂದರೆ ನಲ್ ಕ್ಯಾರೆಕ್ಟರ್. ಸ್ಟ್ರ್‌ಚರ್ ಕೊನೆಯ ನಲ್ ಅನ್ನೂ ಸ್ಟ್ರಿಂಗ್‌ನ ಭಾಗವೆಂದೇ ಲೆಕ್ಕ ಹಾಕುತ್ತದೆ. ಹಾಗಾಗಿ '0' ಹುಡುಕಿದರೆ ಇಂಡೆಕ್ಸ್ 0, ಬರೀ 0 ಹುಡುಕಿದರೆ ಇಂಡೆಕ್ಸ್ 10. ಎರಡೂ ಸಲ ಏನೋ ಒಂದು ಸಿಗುತ್ತದೆ, ಎರರ್ ಬರುವುದಿಲ್ಲ. ಇಂಥ ತಪ್ಪನ್ನು ಪತ್ತೆ ಹಚ್ಚುವುದು ತುಂಬಾ ಕಷ್ಟ.

ಒಂದೇ ಕ್ಯಾರೆಕ್ಟರ್ ಎಷ್ಟು ಸಲ ಇದೆ ಎಂದು ಎಣಿಸಬೇಕೇ? ಸಿಕ್ಕ ಜಾಗದ ಮುಂದಿನಿಂದ, ಅಂದರೆ ಪಿ + 1ರಿಂದ, ಮತ್ತೆ ಸ್ಟ್ರ್‌ಚರ್ ಕರೆಯಿರಿ. ನಲ್ ಪಾಯಿಂಟರ್ ಬರುವವರೆಗೆ ಹೀಗೇ ನಡೆಯಲಿ. ನಮ್ಮ ದಿನಾಂಕದಲ್ಲಿ '1' ನಾಲ್ಕು ಸಲ ಸಿಗುತ್ತದೆ: 1, 3, 4 ಮತ್ತು 6ರಲ್ಲಿ. ಆ +1 ಮರೆತರೆ ಅದೇ ಜಾಗ ಮತ್ತೆ ಮತ್ತೆ ಸಿಕ್ಕಿ ಲೂಪ್ ನಿಲ್ಲುವುದೇ ಇಲ್ಲ.

ಕೊನೆಯದು ಮಾತ್ರ ಬೇಕಿದ್ದರೆ ಹೆಸರಿನಲ್ಲಿ ಇನ್ನೊಂದು ಆರ್ ಇರುವ ಫಂಕ್ಷನ್ ಇದೆ: ಎಸ್, ಟಿ, ಆರ್, ಆರ್, ಸಿ, ಎಚ್, ಆರ್. ಇದು ಕೊನೆಯ '-' ಅನ್ನು, ಅಂದರೆ ಇಂಡೆಕ್ಸ್ 5ರದ್ದನ್ನು ಕೊಡುತ್ತದೆ. ಅದಕ್ಕೆ 1 ಕೂಡಿಸಿ ಪ್ರಿಂಟ್ ಮಾಡಿದರೆ "1956". ಫೈಲ್ ಹೆಸರಿನ ಕೊನೆಯ ಚುಕ್ಕಿ ಹುಡುಕಿ ಎಕ್ಸ್‌ಟೆನ್ಷನ್ ತೆಗೆಯಲು ನಾನು ಬಳಸುವುದು ಇದನ್ನೇ.

ಕನ್ನಡ ಅಕ್ಷರ ಹುಡುಕುವಾಗ ಮಾತ್ರ ಇದ್ಯಾವುದೂ ನಡೆಯುವುದಿಲ್ಲ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತವೂ 3 ಬೈಟ್. ಕ ಅಂದರೆ 224, 178, 149. ಖ ಅಂದರೆ 224, 178, 150. ಮೊದಲೆರಡು ಒಂದೇ. "ಕನ್ನಡ" ಪದದ ಉದ್ದ ಕೇಳಿದರೆ ಸಿ ಹೇಳುವುದು 15: ಕ, ನ, ಅರ್ಧಾಕ್ಷರ ಮಾಡುವ ವಿರಾಮ ಚಿಹ್ನೆ (್), ನ, ಡ. ಸ್ಟ್ರ್‌ಚರ್ ನೋಡುವುದು ಒಂದೇ ಬೈಟ್. 'ಕ' ಎಂದು ಕೊಟ್ಟರೆ ಕಂಪೈಲರ್‌ಗಳಲ್ಲಿ ಜಿಸಿಸಿ ವಾರ್ನಿಂಗ್ ಕೊಟ್ಟು ಮುಂದೆ ಹೋಗುತ್ತದೆ, ಕ್ಲ್ಯಾಂಗ್ ಎರರ್ ಕೊಟ್ಟು ಅಲ್ಲೇ ನಿಲ್ಲಿಸುತ್ತದೆ. ಇಲ್ಲಿ ಡಬಲ್ ಕೊಟೇಶನ್ ಹಾಕಿ, ಸ್ಟ್ರಿಂಗ್ ಒಳಗೆ ಸ್ಟ್ರಿಂಗ್ ಹುಡುಕುವ ಫಂಕ್ಷನ್ ಬಳಸಿ: ಎಸ್, ಟಿ, ಆರ್, ಎಸ್, ಟಿ, ಆರ್.

ಆದರೂ "ಕಿವಿ"ಯಲ್ಲಿ "ಕ" ಹುಡುಕಿದರೆ ಅದು ಸಿಕ್ಕಿತು ಎನ್ನುತ್ತದೆ. ಕಿ ಅಂದರೆ ಕ ಮತ್ತು ಅದರ ಮುಂದಿನ ಗುಡಿಸು. ಬರೀ ಕ ಬೇಕಿದ್ದರೆ ಮುಂದಿನ 3 ಬೈಟ್ ಸ್ವರಚಿಹ್ನೆಯೋ ವಿರಾಮವೋ ಎಂದು ಪರೀಕ್ಷಿಸಬೇಕು. ಅಷ್ಟು ಕೆಲಸ ಬೇಡವೆಂದರೆ ಯೂನಿಕೋಡ್‌ಗೆಂದೇ ಇರುವ ಐಸಿಯು ಲೈಬ್ರರಿ ಸಿ ಭಾಷೆಗೂ ಸಿಗುತ್ತದೆ.