ಹನಿ ಲೆಕ್ಕ ತಪ್ಪದಿದ್ದರೆ ಪರಿಮಳ, ತಪ್ಪಿದರೆ ಉರಿ

ಕೋಲಾರದ ಕಡೆ ನೆಗಡಿಯಾದರೆ ತೋಪಿನಿಂದ ಒಂದು ಹಿಡಿ ನೀಲಗಿರಿ ಸೊಪ್ಪು ತಂದು ಕುದಿಸಿ ಹಬೆ ತೆಗೆದುಕೊಳ್ಳುವುದು ಹಳೆಯ ರೂಢಿ. ಸೊಪ್ಪಿನಲ್ಲಿ ಎಣ್ಣೆ ಇರುವುದು ನೂರಕ್ಕೆ ಒಂದೆರಡು ಪಾಲು. ಹಾಗಾಗಿ ಹಿಡಿಯ ಜಾಗದಲ್ಲಿ ಎರಡು ಹಿಡಿ ಬಿದ್ದರೂ ಅಂಥ ವ್ಯತ್ಯಾಸವಾಗದು. ಅದೇ ಧೈರ್ಯದಲ್ಲಿ ಅಂಗಡಿಯ ಬಾಟಲಿ ಬಗ್ಗಿಸಿದರೆ ಕಣ್ಣು ಮೂಗು ಉರಿದುಹೋಗುತ್ತದೆ. ಬಾಟಲಿಯಲ್ಲಿ ಇರುವುದು ಬರೀ ಎಣ್ಣೆ.

ಎಲೆ, ಹೂ, ತೊಗಟೆ, ಬೇರನ್ನು ಹಬೆಯಲ್ಲಿ ಬೇಯಿಸಿ, ಆ ಹಬೆಯನ್ನು ತಣಿಸಿದಾಗ ನೀರಿನ ಮೇಲೆ ತೇಲುವ ತೆಳು ಪದರವೇ ಸುಗಂಧ ತೈಲ, ಅಂದರೆ ಎಸೆನ್ಷಿಯಲ್ ಆಯಿಲ್. ನಿಂಬೆ, ಕಿತ್ತಳೆಯದ್ದನ್ನು ಸಿಪ್ಪೆ ಹಿಂಡಿಯೇ ತೆಗೆಯುತ್ತಾರೆ. ಕೊಬ್ಬರಿ ಎಣ್ಣೆಗೆ ದವನ, ಮರುಗ ಹಾಕಿ ಮನೆಯಲ್ಲಿ ಕಾಸುವುದು ಇದಲ್ಲ. ಅದು ಕಾಸಿದ ಎಣ್ಣೆ, ಬಳಸಲು ಸೌಮ್ಯ. ಇಂಥ ತೈಲಗಳ ಪರಿಮಳದಿಂದ ಮಾಡುವ ಉಪಚಾರಕ್ಕೆ 'ಅರೋಮಾಥೆರಪಿ' ಎಂಬ ಹೆಸರು ಫ್ರಾನ್ಸಿನ ರಸಾಯನ ತಜ್ಞ ಗಾಟೆಫೊಸೆ ಅವರಿಂದ 1937ರಲ್ಲಿ ಪ್ರಚಾರಕ್ಕೆ ಬಂತು. ಒಳ್ಳೆಯ ವಾಸನೆ ಮನಸ್ಸನ್ನು ಹಗುರ ಮಾಡುತ್ತದೆ, ಮಲಗುವ ಹೊತ್ತಿಗೆ ಬಿಗಿ ಸಡಿಲಿಸುತ್ತದೆ. ಇದರಿಂದ ಶುಗರ್, ಬಿಪಿ, ಥೈರಾಯಿಡ್ ವಾಸಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಕೊಳ್ಳುವಾಗ

ಬಾಟಲಿ ಕಂದು ಅಥವಾ ನೀಲಿ ಗಾಜಿನದಾಗಿರಲಿ. ಲೇಬಲ್ಲಿನಲ್ಲಿ ಗಿಡದ ಸಸ್ಯಶಾಸ್ತ್ರೀಯ ಹೆಸರು ಇದೆಯೇ ನೋಡಿ. ನೀಲಗಿರಿಯಾದರೆ 'ಯೂಕಲಿಪ್ಟಸ್ ಗ್ಲಾಬ್ಯುಲಸ್' ಎಂದಿರುತ್ತದೆ. ನಮ್ಮ ಕಡೆಯ ತೋಪುಗಳಲ್ಲಿರುವುದು ಬೇರೆ ಜಾತಿ, 'ಮೈಸೂರು ಗಮ್'. ಟಿಪ್ಪು ಕಾಲದಲ್ಲಿ, 1790ರ ಸುಮಾರಿಗೆ ನಂದಿ ಬೆಟ್ಟದಲ್ಲಿ ನೆಟ್ಟ ಮರಗಳಿಂದ ಹಬ್ಬಿತೆನ್ನುವ ತಳಿ ಅದು. ವಾಸನೆಯಲ್ಲಿ ಇವೆರಡು ದಾಯಾದಿಗಳಿದ್ದಂತೆ. ಆದರೆ ತೋಪಿನ ಸೊಪ್ಪಿನ ಅಳತೆಯನ್ನು ಬಾಟಲಿಗೆ ಹಚ್ಚುವಂತಿಲ್ಲ.

ಮಲ್ಲಿಗೆ ತೈಲ ನೂರಿನ್ನೂರು ರೂಪಾಯಿಗೆ ಸಿಕ್ಕಿತೆಂದರೆ ಅದು ಸೆಂಟು. ಹಬೆಯ ಕಾವಿಗೆ ಮಲ್ಲಿಗೆಯ ಪರಿಮಳ ಕೆಡುತ್ತದೆ. ದ್ರಾವಕ ಹಾಕಿ ತೆಗೆಯಬೇಕು, ಅದು ದುಬಾರಿ. ಗುಲಾಬಿಯೂ ಹಾಗೆಯೇ: ಒಂದು ಕಿಲೋ ಎಣ್ಣೆಗೆ ಮೂರು ನಾಲ್ಕು ಸಾವಿರ ಕಿಲೋ ಹೂ ಬೇಕು, ಅದೂ ಚಿಕ್ಕಬಳ್ಳಾಪುರದ ಮಾರುಕಟ್ಟೆಗೆ ಬರುವ ಹಾರದ ಗುಲಾಬಿಯಲ್ಲ.

ಕಲಬೆರಕೆ ಗುರುತಿಸಲು ಬಿಳಿ ಕಾಗದಕ್ಕೆ ಒಂದು ಹನಿ ಬಿಡಿ. ನಿಂಬೆ, ನೀಲಗಿರಿ, ಲ್ಯಾವೆಂಡರ್ ಒಂದು ದಿನದಲ್ಲಿ ಆರಿ, ಜಿಡ್ಡು ಉಳಿಯಬಾರದು. ಬೋಂಡಾ ಕಟ್ಟಿದ ಪೇಪರಿನಂತೆ ಪಾರದರ್ಶಕ ಕಲೆ ಉಳಿದರೆ ಅಡುಗೆ ಎಣ್ಣೆ ಸೇರಿದೆ ಎಂದು ತಿಳಿಯಿರಿ. ಗಂಧ, ಲಾವಂಚದಂಥ ಮಂದ ತೈಲಗಳಿಗೆ ಈ ಪರೀಕ್ಷೆ ನಡೆಯದು, ಅವು ತಾವಾಗಿಯೇ ನಿಧಾನ.

ಮೈಗೆ ಹಚ್ಚುವ ಎಣ್ಣೆ

ಇಡೀ ವಿದ್ಯೆ ಇರುವುದು ಸುಗಂಧ ತೈಲವನ್ನು ಮೂಲ ಎಣ್ಣೆಗೆ, ಅಂದರೆ ಕೊಬ್ಬರಿ ಎಣ್ಣೆ, ಎಳ್ಳೆಣ್ಣೆಯಂಥದಕ್ಕೆ, ಬೆರೆಸುವ ಅಳತೆಯಲ್ಲಿ. ಸುಮಾರು 20 ಹನಿಗೆ ಒಂದು ಎಂಎಲ್. ಹಾಗಾಗಿ 30 ಎಂಎಲ್ ಎಣ್ಣೆಯೆಂದರೆ 600 ಹನಿ. ಅದರಲ್ಲಿ ನೂರಕ್ಕೆ ಒಂದು ಪಾಲು ಅಂದರೆ 6 ಹನಿ. ದೊಡ್ಡವರ ಮೈಗೆ ನೂರಕ್ಕೆ ಒಂದರಿಂದ ಎರಡು ಪಾಲು, ಎಂದರೆ 6ರಿಂದ 12 ಹನಿ ಸಾಕು. ಮುಖಕ್ಕಾದರೆ 3 ಹನಿ. ಬಾಟಲಿಯ ಬಾಯಿಯ ಮೇಲೆ ಹನಿಯ ಗಾತ್ರ ಬದಲಾಗುವುದರಿಂದ, ಮೆಡಿಕಲ್ ಶಾಪಿನ 2 ಎಂಎಲ್ ಸಿರಿಂಜಿನಲ್ಲಿ ಒಂದು ಸಲ ಎಣಿಸಿ ನೋಡಿ. ಹನಿ ಬಿಡುವಾಗ ಬಾಟಲಿಯನ್ನು ಪೂರ್ತಿ ತಲೆಕೆಳಗು ಮಾಡದೆ ಓರೆಯಾಗಿ ಹಿಡಿದು ಕಾಯಿರಿ. ಅಲುಗಿಸಿದರೆ ಮೂರು ನಾಲ್ಕು ಹನಿ ಒಟ್ಟಿಗೆ ಬೀಳುತ್ತವೆ.

ಮೂಲ ಎಣ್ಣೆಗೆ ತಿಪಟೂರಿನ ಕೊಬ್ಬರಿ ಎಣ್ಣೆ ಇರುವಾಗ ಬೇರೆ ಯಾಕೆ? ಒಂದೇ ತೊಡಕು: 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ. ಧನುರ್ಮಾಸದ ಚಳಿಯಲ್ಲಿ ಚಿಕ್ಕಬಳ್ಳಾಪುರದ ಬಾಟಲಿ ಕಲ್ಲಾಗಿರುತ್ತದೆ. ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿ ಕರಗಿಸಿ, ಉಗುರು ಬೆಚ್ಚಗಾದ ಮೇಲೆ ಹನಿ ಬಿಡಿ. ಒಲೆಯ ಮೇಲೆ ಕಾಯುತ್ತಿರುವ ಎಣ್ಣೆಗೆ ಹಾಕಿದರೆ ಪರಿಮಳ ಅಡುಗೆಮನೆಗೆ ಹೋಗುತ್ತದೆ, ಮೈಗೆ ಜಿಡ್ಡು ಮಾತ್ರ. ಚಳಿಗಾಲಕ್ಕೆ ಎಳ್ಳೆಣ್ಣೆಯೇ ಸಲೀಸು.

ಮಲಗುವ ಮುನ್ನ ಪಾದಕ್ಕೆ ಹಚ್ಚಲು 30 ಎಂಎಲ್ ಎಳ್ಳೆಣ್ಣೆಗೆ ಲ್ಯಾವೆಂಡರ್ 4 ಹನಿ, ಲಾವಂಚ 2 ಹನಿ. ಟೊಮೆಟೊ ಕ್ರೇಟ್ ಎತ್ತಿ ಹೆಗಲು ಹಿಡಿದವರಿಗೆ ಅಷ್ಟೇ ಎಣ್ಣೆಗೆ ನೀಲಗಿರಿ 6, ಮಜ್ಜಿಗೆ ಹುಲ್ಲಿನ ತೈಲ 3 ಹನಿ. ಮಜ್ಜಿಗೆ ಹುಲ್ಲಿನದು 4 ಹನಿ, ಲವಂಗದ್ದು 3 ಹನಿ ದಾಟಕೂಡದು. ಚರ್ಮ ಕೆಂಪಗಾಗುವುದು ಹೆಚ್ಚಾಗಿ ಇವುಗಳಿಂದಲೇ. ಹಿಂಡಿ ತೆಗೆದ ನಿಂಬೆ ತೈಲ ಹಚ್ಚಿದರೆ 12 ಗಂಟೆ ಬಿಸಿಲಿಗೆ ಹೋಗಬೇಡಿ, ಕಪ್ಪು ಕಲೆ ಉಳಿಯುತ್ತದೆ. ಮೊದಲ ಸಲ ಮೊಣಕೈ ಒಳಭಾಗಕ್ಕೆ ಸ್ವಲ್ಪ ಸವರಿ, 24 ಗಂಟೆ ಕಾದು ನೋಡಿ.

ಹಬ್ಬದ ಎಣ್ಣೆಸ್ನಾನಕ್ಕೆ ತೈಲವನ್ನು ನೇರ ಬಕೆಟ್ಟಿಗೆ ಬಿಡುವವರಿದ್ದಾರೆ. ಅದು ನೀರಿನಲ್ಲಿ ಕರಗದು, ಹಾಗೇ ತೇಲಿ ತೊಡೆಸಂದಿಗೆ ತಗುಲಿ ಉರಿ ಹತ್ತುತ್ತದೆ. ಎಣ್ಣೆಯಲ್ಲಿ ಬೆರೆಸಿ ಮೈಗೆ ಹಚ್ಚಿಕೊಂಡೇ ನೀರು ಹುಯ್ದುಕೊಳ್ಳಿ.

ಕೋಣೆಗೆ, ಮೂಗಿಗೆ

ಡಿಫ್ಯೂಸರಿಗೆ, ಅಂದರೆ ನೀರನ್ನು ಮಂಜಾಗಿಸಿ ಪರಿಮಳ ಹರಡುವ ಯಂತ್ರಕ್ಕೆ, 100 ಎಂಎಲ್ ನೀರು, 3ರಿಂದ 5 ಹನಿ. ಅರ್ಧ ಗಂಟೆ ಓಡಿಸಿ ನಿಲ್ಲಿಸಿ, ಕಿಟಕಿ ತುಸು ತೆರೆದಿರಲಿ. ರಾತ್ರಿಯಿಡೀ ಬಿಟ್ಟರೆ ಬೆಳಗ್ಗೆ ತಲೆನೋವು. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಬೋರ್‌ವೆಲ್ ನೀರು ಮಾತ್ರ ಬೇಡ. ಅದರ ಗಡಸು ಲವಣ ಮಂಜಿನೊಂದಿಗೆ ಹಾರಿ ಟಿವಿ, ಮೇಜಿನ ಮೇಲೆ ಬಿಳಿ ಪುಡಿಯಾಗಿ ಕೂರುತ್ತದೆ, ಕೆಳಗಿನ ಬಿಲ್ಲೆಗೆ ಹಕ್ಕಳೆ ಕಟ್ಟಿ ಮಂಜೇ ಬಾರದಾಗುತ್ತದೆ. ಕುಡಿಯುವ ನೀರಿನ ಕ್ಯಾನಿನದು ಹಾಕಿ. ಆಗಲೇ ಹಕ್ಕಳೆ ಕಟ್ಟಿದ್ದರೆ ನಿಂಬೆರಸ ಬೆರೆಸಿದ ನೀರು ಕಾಲು ಗಂಟೆ ನಿಲ್ಲಿಸಿ ಹತ್ತಿಯಿಂದ ಒರೆಸಿ, ಚಾಕುವಿನಿಂದ ಕೆರೆಯಬೇಡಿ.

ಹಬೆಗೆ ಅರ್ಧ ಲೀಟರ್ ಬಿಸಿನೀರಿಗೆ ಒಂದು ಹನಿ, ಹೆಚ್ಚೆಂದರೆ ಎರಡು. ಕಣ್ಣು ಮುಚ್ಚಿರಲಿ. ಉಬ್ಬಸ ಇರುವವರಿಗೂ ಮಕ್ಕಳಿಗೂ ಇದು ಬೇಡ.

ಎರಡು ವರ್ಷದೊಳಗಿನ ಕೂಸಿಗೆ ಯಾವ ತೈಲವೂ ಬೇಡ. ಚಿಕ್ಕ ಮಕ್ಕಳ ಮೂಗು, ಎದೆಗೆ ನೀಲಗಿರಿ, ಪುದೀನ, ಕರ್ಪೂರ ಸವರಲೇಬೇಡಿ, ಉಸಿರಿಗೆ ತೊಂದರೆ. ಫಿಟ್ಸ್ ಇರುವವರೂ ಕರ್ಪೂರ, ನೀಲಗಿರಿ ತೈಲದಿಂದ ದೂರವಿರಲಿ. ಬಸುರಿಯರು ಡಾಕ್ಟರನ್ನು ಕೇಳಿಯೇ ಬಳಸಲಿ. ಕುಡಿಯುವ ಮಾತಂತೂ ಬೇಡವೇ ಬೇಡ: ನೀಲಗಿರಿ ತೈಲ ಒಂದು ಟೀ ಚಮಚ ಹೋದರೂ ಮಗುವಿನ ಜೀವಕ್ಕೆ ಅಪಾಯ. ಮಗು ನುಂಗಿದ್ದರೆ ವಾಂತಿ ಮಾಡಿಸಬೇಡಿ, ಬಾಟಲಿ ಸಮೇತ ಆಸ್ಪತ್ರೆಗೆ ಓಡಿ, 108ಕ್ಕೆ ಕರೆ ಮಾಡಿ. ಚರ್ಮ ಉರಿದರೆ ಮೊದಲು ಅಡುಗೆ ಎಣ್ಣೆಯಿಂದ ಒರೆಸಿ, ಆಮೇಲೆ ಸೋಪು. ಕಣ್ಣಿಗೆ ಬಿದ್ದರೆ ಕಾಲು ಗಂಟೆ ನೀರು ಬಿಟ್ಟು ತೊಳೆದು ಡಾಕ್ಟರಿಗೆ ತೋರಿಸಿ.

ತೆರೆದ ದಿನಾಂಕವನ್ನು ಬಾಟಲಿಗೆ ಅಂಟಿಸಿ. ನಿಂಬೆ, ಟೀ ಟ್ರೀ ತೈಲಗಳು ಒಂದು ವರ್ಷದಲ್ಲಿ ಗಾಳಿ ಸೇರಿ ಹಳಸುತ್ತವೆ. ಪೇಂಟಿನ ಟರ್ಪೆಂಟೈನ್ ನಾತ ಬಂದರೆ ಮೈಗೆ ಬೇಡ.

ಶಿಡ್ಲಘಟ್ಟ, ಕೋಲಾರದ ಕಡೆ ಹುಳು ಮೇಯಿಸುವ ಮನೆಗಳಿಗೆ ಇನ್ನೊಂದು ಮಾತು. ರೇಷ್ಮೆ ಹುಳುವಿಗೆ ಊದುಬತ್ತಿ, ಸೊಳ್ಳೆ ಬತ್ತಿಯೇ ಆಗದು, ಇನ್ನು ಸೊಳ್ಳೆ ಓಡಿಸುವ ಸಿಟ್ರೊನೆಲ್ಲಾ, ನೀಲಗಿರಿಯನ್ನು ಅದು ತಡೆದುಕೊಂಡೀತೇ? ಹಚ್ಚಿಕೊಂಡ ಕೈಯಲ್ಲಿ ಸೊಪ್ಪು ಹಾಕಬೇಡಿ. ಹುಳು ಹಣ್ಣಾಗಿ ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆ ಏರಿ, ಗೂಡು ಮಾರುಕಟ್ಟೆಗೆ ಹೋಗುವವರೆಗೂ ಡಿಫ್ಯೂಸರ್ ಅಟ್ಟದ ಮೇಲೇ ಇರಲಿ.